‘ಕಾಲ್ಡ್ ಆಫ್’, ‘ಡಗ್ ಅಪ್’, ‘ಲುಕ್ಡ್ ಆಫ್ಟರ್ ಬೈ’: ಪ್ಯಾಸಿವ್ ಫ್ರೇಸಲ್ ವರ್ಬ್‌ಗಳನ್ನು ಬಳಸುವುದು ಹೇಗೆ?

‘ಹಿ ವಾಸ್ ಪಾಸ್ಡ್ ಅವೇ ಅನ್ನೋದು ಸರೀನಾ?’ ‘ಮೈ ಬೈಕ್ ವಾಸ್ ಬ್ರೋಕನ್ ಡೌನ್ ಅಂತ ಬರೆದಿದ್ದೆ, ಅದನ್ನು ಯಾಕೆ ತಪ್ಪು ಅಂದರು?’ ‘ಲುಕ್ಡ್ ಆಫ್ಟರ್ ಬೈ ಅಂತ ಎರಡು ಪದ ಒಟ್ಟಿಗೆ ಬರಬಹುದಾ, ಒಂದನ್ನು ತೆಗೀಬೇಕಾ?’ ಇಂಗ್ಲಿಷ್ ಕಲಿಯುತ್ತಿರುವ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೂರೂ ಬೇರೆ ಬೇರೆ ಎಂದು ಕಂಡರೂ ತೊಡಕು ಇರುವುದು ಒಂದೇ ಜಾಗದಲ್ಲಿ. ಆದ್ದರಿಂದ ಒಂದೊಂದಕ್ಕೆ ಬಿಡಿಯಾಗಿ ಉತ್ತರಿಸುವ ಬದಲು ಮೊದಲಿನಿಂದಲೇ ಹೇಳುತ್ತೇನೆ.

ಶಾಲೆಯಲ್ಲಿ ಪ್ಯಾಸಿವ್ ವಾಯ್ಸ್ ಎಲ್ಲರೂ ಕಲಿತಿದ್ದೇವೆ. ಕನ್ನಡದಲ್ಲಿ ಅದಕ್ಕೆ ಕರ್ಮಣಿ ಪ್ರಯೋಗ ಎನ್ನುತ್ತೇವೆ. ‘ರಾಮನು ರಾವಣನನ್ನು ಕೊಂದನು’ ಎಂಬುದು ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದಾಗುತ್ತದೆ. ಆ ಪಾಠದಲ್ಲಿ ಬರುತ್ತಿದ್ದ ಇಂಗ್ಲಿಷ್ ಕ್ರಿಯಾಪದಗಳು ಬಹುತೇಕ ಒಂದೇ ಪದದವು: ರಿಟನ್, ಈಟನ್, ಕಿಲ್ಡ್. ಆದರೆ ಕಚೇರಿಯಲ್ಲಿ, ಫೋನಿನಲ್ಲಿ, ಕ್ರಿಕೆಟ್ ಕಾಮೆಂಟರಿಯಲ್ಲಿ ಕಿವಿಗೆ ಬೀಳುವುದು ‘ಕಾಲ್ಡ್ ಆಫ್’, ‘ಟರ್ನ್ಡ್ ಡೌನ್’, ‘ಹೆಲ್ಡ್ ಅಪ್’. ಶಾಲೆಯ ಪಾಠ ಅಲ್ಲಿಯವರೆಗೆ ಬರುವುದೇ ಇಲ್ಲ.

ಶುರು ಮಾಡುವ ಮೊದಲು ನಿಮಗೆ ಎರಡು ವಿಷಯ ಗೊತ್ತಿರಬೇಕು. ಒಂದು, ಕ್ರಿಯಾಪದದ ಮೂರನೇ ರೂಪ, ಅಂದರೆ ‘ಗೋ, ವೆಂಟ್, ಗಾನ್’ ಎಂದು ಬಾಯಿಪಾಠ ಮಾಡುತ್ತೇವಲ್ಲ, ಅದರ ಕೊನೆಯದು. ಎರಡು, ‘ಈಸ್, ಆರ್, ವಾಸ್, ವರ್, ಬೀನ್, ಬೀಯಿಂಗ್’ ಎಂಬ ಸಹಾಯಕ ಪದಗಳು. ಇಷ್ಟು ಸಾಕು. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಇವು ಮುಖ್ಯವಾಗಿ ಆಡುವ ಮಾತುಗಳು, ಆದ್ದರಿಂದ ಬಾಯಿಬಿಟ್ಟು ಓದಿ.

ಹಂತ 1: ಪದ ಎರಡು, ಕ್ರಿಯೆ ಒಂದು

ಫ್ರೇಸಲ್ ವರ್ಬ್ ಎಂದರೆ ಒಂದು ಕ್ರಿಯಾಪದಕ್ಕೆ ‘ಆಫ್, ಅಪ್, ಡೌನ್, ಔಟ್, ಇಂಟು’ ಮೊದಲಾದ ಪುಟ್ಟ ಪದ ಅಂಟಿಕೊಂಡು ಹೊಸ ಅರ್ಥ ಹುಟ್ಟುವುದು. ಆ ಪುಟ್ಟ ಪದವನ್ನು ಪಾರ್ಟಿಕಲ್ ಎನ್ನುತ್ತಾರೆ. ಈ ಲೇಖನದಲ್ಲಿ ‘ಬಾಲಪದ’ ಎಂದು ಕರೆಯುತ್ತೇನೆ. ‘ಕಾಲ್’ ಎಂದರೆ ಕರೆ. ‘ಕಾಲ್ ಆಫ್’ ಎಂದರೆ ರದ್ದು ಮಾಡು. ಕರೆಗೂ ರದ್ದಿಗೂ ಏನು ಸಂಬಂಧ ಎಂದು ತಲೆ ಕೆಡಿಸಿಕೊಳ್ಳಬೇಡಿ.

ಇದು ನಮಗೆ ಹೊಸದೇನಲ್ಲ. ‘ಪ್ರಕರಣವನ್ನು ಮುಚ್ಚಿಹಾಕಿದರು’ ಎನ್ನುತ್ತೇವೆ. ಅಲ್ಲಿ ಯಾರೂ ಏನನ್ನೂ ‘ಹಾಕಿಲ್ಲ’. ‘ಬೇಡಿಕೆಯನ್ನು ತಳ್ಳಿಹಾಕಿದರು’, ‘ಯೋಜನೆಯನ್ನು ಕೈಬಿಟ್ಟರು’, ‘ಸಭೆಯನ್ನು ಮುಂದೂಡಿದರು’ ಎನ್ನುವಾಗಲೂ ಎರಡು ತುಂಡು ಸೇರಿ ಒಂದೇ ಕ್ರಿಯೆಯಾಗಿದೆ. ‘ಮುಚ್ಚಿಹಾಕು’ ಎಂಬುದರಿಂದ ‘ಹಾಕು’ ತೆಗೆದರೆ ಬರೀ ‘ಮುಚ್ಚು’ ಉಳಿಯುತ್ತದೆ. ಡಬ್ಬಿ ಮುಚ್ಚುವುದೇ ಬೇರೆ, ಪ್ರಕರಣ ಮುಚ್ಚಿಹಾಕುವುದೇ ಬೇರೆ. ಇಂಗ್ಲಿಷಿನ ಬಾಲಪದವನ್ನೂ ಹೀಗೇ ನೋಡಿ. ‘ಮುಚ್ಚಿಹಾಕು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಹಷ್ ಅಪ್’ ಅಥವಾ ‘ಕವರ್ ಅಪ್’. ಪ್ಯಾಸಿವ್ ಮಾಡಿದರೆ ‘ದ ಕೇಸ್ ವಾಸ್ ಹಷ್ಡ್ ಅಪ್’.

ಹಂತ 2: ಮೊದಲು ‘ಯಾರು ಮಾಡಿದ್ದು?’ ಎಂದು ಕೇಳಿ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಎಲ್ಲ ಫ್ರೇಸಲ್ ವರ್ಬ್‌ಗಳನ್ನೂ ಪ್ಯಾಸಿವ್ ಮಾಡಲು ಬರುವುದಿಲ್ಲ. ಸಕರ್ಮಕ, ಅಂದರೆ ‘ಏನನ್ನು? ಯಾರನ್ನು?’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಕ್ರಿಯೆ ಮಾತ್ರ ಪ್ಯಾಸಿವ್ ಆಗುತ್ತದೆ. ಅಕರ್ಮಕ ಕ್ರಿಯೆ, ತನ್ನಷ್ಟಕ್ಕೆ ತಾನೇ ಆಗುವಂಥದ್ದು, ಆಗುವುದಿಲ್ಲ.

ಪರೀಕ್ಷೆ ಸುಲಭ. ‘ಅಜ್ಜ ತೀರಿಕೊಂಡರು’ ಎಂದಾಗ ‘ಯಾರು ಮಾಡಿದ್ದು?’ ಎಂದು ಕೇಳಲಾಗುವುದಿಲ್ಲ. ಹಾಗಾಗಿ ‘ಹಿ ಪಾಸ್ಡ್ ಅವೇ’ ಎಂದಷ್ಟೇ ಹೇಳಬೇಕು, ನಡುವೆ ‘ವಾಸ್’ ಸೇರಿಸಬಾರದು. ‘ಬೈಕ್ ಕೆಟ್ಟು ನಿಂತಿತು’ ಎಂಬುದೂ ತಾನಾಗಿ ಆದದ್ದು, ಆದ್ದರಿಂದ ‘ಮೈ ಬೈಕ್ ಬ್ರೋಕ್ ಡೌನ್’. ವಿಮಾನ ಹೊರಟಿತು ಎನ್ನಲು ‘ದ ಫ್ಲೈಟ್ ಟುಕ್ ಆಫ್’, ಹಾಲು ಖಾಲಿಯಾಯಿತು ಎನ್ನಲು ‘ದ ಮಿಲ್ಕ್ ರ್‍ಯಾನ್ ಔಟ್’. ಇವಕ್ಕೆ ಯಾವುದಕ್ಕೂ ‘ವಾಸ್’ ಬೇಡ.

ಇಲ್ಲಿ ಒಂದು ಸೂಕ್ಷ್ಮವಿದೆ. ‘ದ ಡೋರ್ ವಾಸ್ ಬ್ರೋಕನ್ ಡೌನ್ ಬೈ ದ ಪೊಲೀಸ್’ ಎಂಬುದು ಪೂರ್ತಿ ಸರಿ. ಬಾಗಿಲನ್ನು ಒಡೆದವರು ಇದ್ದಾರೆ, ‘ಯಾರು?’ ಎಂದರೆ ಪೊಲೀಸರು. ಬ್ರೇಕ್ ಡೌನ್ ಎಂಬ ಒಂದೇ ಜೋಡಿಗೆ ‘ಕೆಟ್ಟು ನಿಲ್ಲು’ ಎಂಬ ಅಕರ್ಮಕ ಅರ್ಥವೂ ‘ಒಡೆದು ಕೆಡವು’ ಎಂಬ ಸಕರ್ಮಕ ಅರ್ಥವೂ ಇದೆ. ‘ಬ್ರೋಕನ್ ಡೌನ್ ಯಾವಾಗಲೂ ತಪ್ಪು’ ಎಂದು ಬರೆದಿಟ್ಟುಕೊಂಡರೆ ಈ ಸರಿಯಾದ ವಾಕ್ಯವನ್ನೂ ಕಳೆದುಕೊಳ್ಳುತ್ತೀರಿ. ಜೋಡಿಯನ್ನು ಕೇಳಬೇಡಿ, ಆ ವಾಕ್ಯದಲ್ಲಿ ಅದರ ಅರ್ಥವನ್ನು ಕೇಳಿ.

ನಮ್ಮವರಿಗೆ ಇಂಟರ್‌ವ್ಯೂನಲ್ಲಿ ಕೈಕೊಡುವ ಇನ್ನೊಂದು ಜೋಡಿ ‘ಗ್ರೋ ಅಪ್’ ಮತ್ತು ‘ಬ್ರಿಂಗ್ ಅಪ್’. ಊರಿನ ಬಗ್ಗೆ ಕೇಳಿದರೆ ‘ಐ ವಾಸ್ ಗ್ರೋನ್ ಅಪ್ ಇನ್ ಹಾಸನ್’ ಎಂದುಬಿಡುತ್ತಾರೆ. ಬೆಳೆದದ್ದು ನೀವು, ಆದ್ದರಿಂದ ‘ಐ ಗ್ರೂ ಅಪ್ ಇನ್ ಹಾಸನ್’. ಬೆಳೆಸಿದ್ದು ಬೇರೆಯವರು, ಆಗ ‘ಐ ವಾಸ್ ಬ್ರಾಟ್ ಅಪ್ ಇನ್ ಹಾಸನ್’, ‘ಐ ವಾಸ್ ಬ್ರಾಟ್ ಅಪ್ ಬೈ ಮೈ ಗ್ರ್ಯಾಂಡ್‌ಮದರ್’. ಬೆಳೆ, ಬೆಳೆಸು: ಕನ್ನಡದಲ್ಲಿ ‘ಇಸು’ ಮಾಡುವ ಕೆಲಸವನ್ನು ಇಂಗ್ಲಿಷ್ ಬೇರೆ ಕ್ರಿಯಾಪದವನ್ನೇ ತಂದು ಮಾಡುತ್ತದೆ.

ಕರ್ಮ ಇದ್ದರೂ ಪ್ಯಾಸಿವ್ ಆಗದ ಕೆಲವಿವೆ. ‘ಶಿ ಟೇಕ್ಸ್ ಆಫ್ಟರ್ ಹರ್ ಮದರ್’, ಅಂದರೆ ಅವಳದು ತಾಯಿಯ ಹೋಲಿಕೆ. ಇದನ್ನು ತಿರುಗಿಸಲು ಹೋಗಬೇಡಿ.

ಹಂತ 3: ವಾಕ್ಯ ಕಟ್ಟುವುದು

‘ಅಲ್ಪಟ್ಟಿತು’ ಎಂಬ ದಾರಿಯಲ್ಲಿ ಹೋಗಬೇಡಿ. ಮನೆಯಲ್ಲಿ ಯಾರೂ ‘ನಮ್ಮ ರಸ್ತೆ ಅಗೆಯಲ್ಪಟ್ಟಿದೆ’ ಎನ್ನುವುದಿಲ್ಲ. ‘ನಮ್ಮ ರಸ್ತೆ ಅಗೆದುಬಿಟ್ಟಿದ್ದಾರೆ’ ಎನ್ನುತ್ತೇವೆ. ಯಾರು ಅಗೆದರು? ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ರಸ್ತೆಯ ಗತಿ ಏನಾಯಿತು ಎಂಬುದೇ ಮುಖ್ಯ. ಕರ್ತೃವಿಲ್ಲದ ಈ ‘ಮಾಡಿದ್ದಾರೆ, ಮಾಡ್ತಿದ್ದಾರೆ’ ಎಂಬ ಮಾತೇ ಇಂಗ್ಲಿಷಿನ ದಿನಬಳಕೆಯ ಪ್ಯಾಸಿವ್‌ಗೆ ನಿಜವಾದ ಸಮಾನ. ನೋಟಿಸುಗಳಲ್ಲಿ ಬರುವ ‘ಮುಂದೂಡಲಾಗಿದೆ, ರದ್ದುಪಡಿಸಲಾಗಿದೆ’ ಅದರದೇ ಗಂಭೀರ ರೂಪ. ನಿಮ್ಮ ಬಾಯಲ್ಲಿ ಇಂಥ ಕನ್ನಡ ವಾಕ್ಯ ಬಂದರೆ, ಇಂಗ್ಲಿಷಿನಲ್ಲಿ ಅಲ್ಲಿ ಪ್ಯಾಸಿವ್ ಹಿಡಿಸುತ್ತದೆ ಎಂದು ತಿಳಿಯಿರಿ.

ಕಟ್ಟುವ ಕ್ರಮ ಹೀಗೆ: ಏನಕ್ಕೆ ಆಯಿತೋ ಅದು ಮುಂದೆ, ಆಮೇಲೆ ‘ವಾಸ್/ಈಸ್’ ಕುಟುಂಬದ ಪದ, ಆಮೇಲೆ ಮೂರನೇ ರೂಪ, ಅದಕ್ಕೆ ಅಂಟಿಕೊಂಡೇ ಬಾಲಪದ. ರಸ್ತೆಯನ್ನೇ ಹಿಡಿದು ಕಾಲಗಳನ್ನೆಲ್ಲ ನೋಡೋಣ. ಡಿಗ್, ಡಗ್, ಡಗ್.

‘ಅವರ್ ರೋಡ್ ಈಸ್ ಬೀಯಿಂಗ್ ಡಗ್ ಅಪ್’: ಅಗೆಯುತ್ತಿದ್ದಾರೆ, ಈಗಲೇ ನಡೆದಿದೆ.
‘ಅವರ್ ರೋಡ್ ಹ್ಯಾಸ್ ಬೀನ್ ಡಗ್ ಅಪ್’: ಅಗೆದುಬಿಟ್ಟಿದ್ದಾರೆ, ಗುಂಡಿ ಇನ್ನೂ ಹಾಗೇ ಇದೆ, ಗಾಡಿ ಬರುವುದಿಲ್ಲ.
‘ಅವರ್ ರೋಡ್ ವಾಸ್ ಡಗ್ ಅಪ್ ಲಾಸ್ಟ್ ವೀಕ್’: ಹೋದ ವಾರ ಅಗೆದರು.
‘ಅವರ್ ರೋಡ್ ವಿಲ್ ಬಿ ಡಗ್ ಅಪ್ ನೆಕ್ಸ್ಟ್ ಮಂತ್’: ಮುಂದಿನ ತಿಂಗಳು ಅಗೆಯುತ್ತಾರೆ.
‘ಅವರ್ ರೋಡ್ ಈಸ್ ಡಗ್ ಅಪ್ ಎವ್ರಿ ಇಯರ್’: ವರ್ಷಾ ವರ್ಷಾ ಅಗೆಯುತ್ತಾರೆ.

ಎಚ್ಚರಿಕೆ: ‘ಹ್ಯಾಸ್ ಬೀನ್’ ಇದ್ದರೆ ‘ಯೆಸ್ಟರ್‌ಡೇ, ಲಾಸ್ಟ್ ವೀಕ್’ ಎಂಬ ಮುಗಿದ ಕಾಲದ ಪದ ಹಾಕಬಾರದು. ದಿನ ಹೇಳಬೇಕಾದರೆ ‘ವಾಸ್’.

ಮೂರನೇ ರೂಪ ತಪ್ಪಿದರೆ ವಾಕ್ಯವೇ ಕುಸಿಯುತ್ತದೆ. ‘ವಾಸ್ ಬ್ರೋಕ್ ಇಂಟು’ ಅಲ್ಲ, ‘ವಾಸ್ ಬ್ರೋಕನ್ ಇಂಟು’. ‘ವಾಸ್ ಟುಕ್ ಓವರ್’ ಅಲ್ಲ, ‘ವಾಸ್ ಟೇಕನ್ ಓವರ್’. ಪುಟ್, ಕಟ್, ಲೆಟ್, ಸೆಟ್ ಈ ನಾಲ್ಕು ಬದಲಾಗುವುದೇ ಇಲ್ಲ. ‘ಇಸ್ರೋ ವಾಸ್ ಸೆಟ್ ಅಪ್ ಇನ್ 1969’ ಎಂಬಲ್ಲಿ ‘ಸೆಟ್’ ಮೂರನೇ ರೂಪವೇ.

ಒಂದು ಸಮಾಧಾನದ ಮಾತೂ ಇದೆ. ಆ್ಯಕ್ಟಿವ್ ವಾಕ್ಯದಲ್ಲಿ ‘ಇಟ್’ ಎಲ್ಲಿ ಬರಬೇಕು ಎಂಬ ಪೇಚಾಟವಿರುತ್ತದೆ: ‘ದೇ ಟರ್ನ್ಡ್ ಇಟ್ ಡೌನ್’ ಸರಿ, ‘ದೇ ಟರ್ನ್ಡ್ ಡೌನ್ ಇಟ್’ ತಪ್ಪು. ಪ್ಯಾಸಿವ್‌ನಲ್ಲಿ ‘ಇಟ್’ ಎದ್ದು ವಾಕ್ಯದ ಮುಂದಕ್ಕೆ ಹೋಗಿರುತ್ತದೆ: ‘ಇಟ್ ವಾಸ್ ಟರ್ನ್ಡ್ ಡೌನ್’. ನಡುವೆ ತೂರಲು ಯಾರೂ ಇಲ್ಲ. ಈ ಒಂದು ವಿಷಯದಲ್ಲಿ ಪ್ಯಾಸಿವ್ ಆ್ಯಕ್ಟಿವ್‌ಗಿಂತ ಸುಲಭ, ಧೈರ್ಯವಾಗಿ ಬಳಸಿ.

ಹಂತ 4: ಬಾಲಪದ ಬಿಡಬೇಡಿ, ಬದಲಿಸಬೇಡಿ

‘ದ ಮ್ಯಾಟರ್ ಈಸ್ ಬೀಯಿಂಗ್ ಲುಕ್ಡ್’ ಎಂದು ನಿಲ್ಲಿಸುವವರು ಬಹಳ. ‘ಲುಕ್ಡ್ ಇಂಟು’ ಎಂದರೆ ಮಾತ್ರ ‘ಪರಿಶೀಲಿಸುತ್ತಿದ್ದಾರೆ’ ಎಂಬ ಅರ್ಥ. ವಾಕ್ಯದ ಕೊನೆಯಲ್ಲಿ ‘ಇಂಟು’ ಒಂಟಿಯಾಗಿ ನಿಂತದ್ದು ಕಣ್ಣಿಗೆ ಕುಂದಾಗಿ ಕಾಣುತ್ತದೆ, ನಿಜ. ಆದರೆ ಅದು ಅಲ್ಲೇ ಇರಬೇಕು.

ಮೊದಲಲ್ಲಿ ಕೇಳಿದ ‘ಲುಕ್ಡ್ ಆಫ್ಟರ್ ಬೈ’ ಪ್ರಶ್ನೆಗೆ ಉತ್ತರವೂ ಇದೇ. ‘ದ ಬೇಬಿ ಈಸ್ ಲುಕ್ಡ್ ಆಫ್ಟರ್ ಬೈ ಹರ್ ಗ್ರ್ಯಾಂಡ್‌ಮದರ್’. ‘ಆಫ್ಟರ್’ ಸೇರಿರುವುದು ‘ಲುಕ್ಡ್’ ಕಡೆಗೆ, ‘ಬೈ’ ಸೇರಿರುವುದು ಅಜ್ಜಿಯ ಕಡೆಗೆ. ‘ಲುಕ್ಡ್ ಆಫ್ಟರ್’ ಎಂದು ಹೇಳಿ ಒಂದು ಕ್ಷಣ ನಿಲ್ಲಿ, ಆಮೇಲೆ ‘ಬೈ ಹರ್ ಗ್ರ್ಯಾಂಡ್‌ಮದರ್’ ಎನ್ನಿ. ಹತ್ತು ಸಲ ಹೀಗೆ ಹೇಳಿದರೆ ನಾಲಿಗೆ ತಾನೇ ಹೊಂದಿಕೊಳ್ಳುತ್ತದೆ. ಮೂರು ಪದದ ಜೋಡಣೆಗಳಲ್ಲೂ ಇದೇ ನಿಯಮ: ‘ಹಿ ಈಸ್ ಲುಕ್ಡ್ ಅಪ್ ಟು ಬೈ ಎವ್ರಿವನ್’, ಎಲ್ಲರೂ ಅವರನ್ನು ಗೌರವದಿಂದ ಕಾಣುತ್ತಾರೆ. ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವನ್ನು ತೆಗೆದುಹಾಕಿದ್ದರ ಬಗ್ಗೆ ಹೇಳಬೇಕಾದರೆ ‘ದ ಪ್ರಿವಿ ಪರ್ಸ್ ವಾಸ್ ಡನ್ ಅವೇ ವಿತ್ ಇನ್ 1971’. ‘ವಿತ್ ಇನ್’ ಅಕ್ಕಪಕ್ಕ ಬಂದಿದೆ ಎಂದು ಹೆದರಬೇಡಿ. ‘ವಿತ್’ ಹಿಂದಿನದಕ್ಕೆ, ‘ಇನ್’ ಮುಂದಿನ ಇಸವಿಗೆ.

ಬಾಲಪದ ಒಂದೇ ಆಗಿದ್ದು ಕ್ರಿಯಾಪದ ಬದಲಾದರೂ ಅರ್ಥ ಎಲ್ಲಿಂದೆಲ್ಲಿಗೋ ಹೋಗುತ್ತದೆ. ‘ದ ವೆಡ್ಡಿಂಗ್ ಹ್ಯಾಸ್ ಬೀನ್ ಪುಟ್ ಆಫ್’ ಎಂದರೆ ಮದುವೆ ಮುಂದಕ್ಕೆ ಹೋಗಿದೆ. ‘ದ ವೆಡ್ಡಿಂಗ್ ಹ್ಯಾಸ್ ಬೀನ್ ಕಾಲ್ಡ್ ಆಫ್’ ಎಂದರೆ ಮದುವೆ ನಿಂತೇಹೋಯಿತು. ಆಷಾಢ ಬಂತೆಂದು ಲಗ್ನ ಶ್ರಾವಣಕ್ಕೆ ಹಾಕಿದ ಮನೆಯವರು ವಿದೇಶದಲ್ಲಿರುವ ಸ್ನೇಹಿತರಿಗೆ ‘ಕಾಲ್ಡ್ ಆಫ್’ ಎಂದು ಸಂದೇಶ ಕಳಿಸಿದರೆ ಆ ಕಡೆಯಿಂದ ಸಾಂತ್ವನದ ಫೋನ್ ಬರುತ್ತದೆ. ಈ ಎರಡನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ.

ಹಂತ 5: ‘ಇಂದ’ ಎಂದಾಗಲೆಲ್ಲ ‘ಬೈ’ ಅಲ್ಲ

ಕನ್ನಡದ ‘ಇಂದ’ ಎರಡು ಕೆಲಸ ಮಾಡುತ್ತದೆ. ‘ಪೊಲೀಸರಿಂದ’ ಎಂದರೆ ಮಾಡಿದವರು ಅವರು. ‘ಮಳೆಯಿಂದ ಪಂದ್ಯ ರದ್ದಾಯಿತು’ ಎಂದರೆ ಮಳೆ ಕಾರಣ. ರದ್ದು ಮಾಡಿದ್ದು ಮಳೆಯಲ್ಲ, ಅಂಪೈರುಗಳೋ ಆಡಳಿತದವರೋ. ಹಾಗಾಗಿ ‘ಕಾಲ್ಡ್ ಆಫ್ ಬೈ ರೈನ್’ ತಪ್ಪು. ‘ಕಾಲ್ಡ್ ಆಫ್ ಬಿಕಾಸ್ ಆಫ್ ರೈನ್’ ಅಥವಾ ‘ಡ್ಯೂ ಟು ರೈನ್’ ಎನ್ನಬೇಕು. ಆದರೆ ‘ದ ಬ್ರಿಡ್ಜ್ ವಾಸ್ ವಾಷ್ಡ್ ಅವೇ ಬೈ ದ ಫ್ಲಡ್’ ಸರಿ, ಸೇತುವೆಯನ್ನು ಕೊಚ್ಚಿಕೊಂಡು ಹೋದದ್ದು ಪ್ರವಾಹವೇ.

ಕ್ರಿಕೆಟ್ ಇತಿಹಾಸದಲ್ಲೇ ಇದಕ್ಕೆ ಚೆಂದದ ಉದಾಹರಣೆ ಇದೆ. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ–ಇಂಗ್ಲೆಂಡ್ ಟೆಸ್ಟಿನ ಮೊದಲ ಮೂರು ದಿನ ಮಳೆಗೆ ಬಲಿಯಾಗಿ ಪಂದ್ಯವನ್ನೇ ಕೈಬಿಟ್ಟರು. ಬದಲಿಗೆ 1971ರ ಜನವರಿ 5ರಂದು ಒಂದು ದಿನದ ಆಟ ಇಟ್ಟರು. ಅದೇ ಮೊದಲ ಅಂತರರಾಷ್ಟ್ರೀಯ ಏಕದಿನ ಪಂದ್ಯವಾಯಿತು. ಇಂಗ್ಲಿಷಿನಲ್ಲಿ: ‘ದ ಫಸ್ಟ್ ತ್ರೀ ಡೇಸ್ ವರ್ ವಾಷ್ಡ್ ಔಟ್ ಬೈ ರೈನ್, ಸೋ ದ ಟೆಸ್ಟ್ ವಾಸ್ ಕಾಲ್ಡ್ ಆಫ್’. ದಿನಗಳನ್ನು ತೊಳೆದುಹಾಕಿದ್ದು ಮಳೆ, ಅಲ್ಲಿ ‘ಬೈ’ ಬಂತು. ಪಂದ್ಯ ಕೈಬಿಟ್ಟದ್ದು ಮನುಷ್ಯರು, ಯಾರೆಂದು ಹೇಳುವ ಅಗತ್ಯವಿಲ್ಲ, ಅಲ್ಲಿ ‘ಬೈ’ ಇಲ್ಲ.

ದಿನಬಳಕೆಯಲ್ಲಿ ‘ಬೈ’ ಭಾಗವನ್ನು ಬಿಟ್ಟೇ ಮಾತಾಡುವುದು ಹೆಚ್ಚು. ‘ಸಮ್‌ಬಡಿ’ ಎಂದು ತುಂಬಿಸಬೇಡಿ. ‘ಅವರ್ ಶಾಪ್ ವಾಸ್ ಬ್ರೋಕನ್ ಇಂಟು’ ಎಂದರೆ ಅಂಗಡಿಗೆ ಕಳ್ಳರು ನುಗ್ಗಿದರು ಎಂದು ಅರ್ಥವಾಗಿಬಿಡುತ್ತದೆ. ‘ಬೈ ಥೀವ್ಸ್’ ಬೇಕಿಲ್ಲ.

ಇನ್ನೊಂದು ಗೊಂದಲ: ‘ದ ಫಾರ್ಮ್ ಮಸ್ಟ್ ಬಿ ಹ್ಯಾಂಡೆಡ್ ಇನ್ ಬೈ ಫ್ರೈಡೇ’. ಇಲ್ಲಿ ‘ಬೈ’ ಎಂದರೆ ಶುಕ್ರವಾರದೊಳಗೆ.

ಹಂತ 6: ‘ಗಾಟ್’ ಎಂದರೆ ‘ಇಸಿಕೊಂಡೆ’

ಆಡುಮಾತಿನಲ್ಲಿ ‘ವಾಸ್’ ಬದಲು ‘ಗಾಟ್’ ಬರುವುದುಂಟು. ‘ಐ ಗಾಟ್ ಟೋಲ್ಡ್ ಆಫ್ ಬೈ ಮೈ ಬಾಸ್’ ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೇವೆ? ‘ಬಾಸ್ ಹತ್ರ ಬೈಸಿಕೊಂಡೆ’. ಬೈಸಿಕೊಂಡೆ, ಹೊಡೆಸಿಕೊಂಡ, ಮೋಸ ಹೋದೆ: ನಮಗೆ ಆದ ಅನುಭವವನ್ನು ಒಳಗಿನಿಂದ ಹೇಳುವ ಈ ರೀತಿಗೆ ‘ಗಾಟ್’ ಬಹಳ ಹತ್ತಿರ. ‘ಐ ಗಾಟ್ ಹೆಲ್ಡ್ ಅಪ್ ಅಟ್ ಸಿಲ್ಕ್ ಬೋರ್ಡ್’ ಎಂದರೆ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡೆ. ಸ್ನೇಹಿತರ ಜೊತೆ ಬಳಸಿ. ಅರ್ಜಿಯಲ್ಲಿ, ಅಧಿಕೃತ ಮೇಲ್‌ನಲ್ಲಿ ಬೇಡ.

ಇನ್ನು ಕೆಲವು ಸ್ಥಿತಿಯನ್ನು ಹೇಳುವಂಥವು, ವಿಶೇಷಣದ ಹಾಗೆ. ‘ದ ಟಿಕೆಟ್ಸ್ ಆರ್ ಸೋಲ್ಡ್ ಔಟ್’, ‘ಐ ಆ್ಯಮ್ ವೋರ್ನ್ ಔಟ್’ (ದಣಿದುಹೋಗಿದ್ದೇನೆ), ‘ಐ ಆ್ಯಮ್ ಫೆಡ್ ಅಪ್ ವಿತ್ ದಿಸ್ ನಾಯ್ಸ್’ (ಈ ಗಲಾಟೆಯಿಂದ ರೋಸಿಹೋಗಿದ್ದೇನೆ). ‘ರೋಸಿಹೋಗಿದ್ದೇನೆ’ಗೂ ನಾವು ‘ಇಂದ’ ಹಾಕುತ್ತೇವೆ, ಆದರೆ ಅಲ್ಲಿ ‘ವಿತ್’.

ಹಂತ 7: ಕೆಲಸದ ಜಾಗದಲ್ಲಿ

ಕೆಲಸ ಹೋದದ್ದನ್ನು ಹೇಳುವ ಮಾತುಗಳಲ್ಲಿ ಎಚ್ಚರ ಬೇಕು, ಏಕೆಂದರೆ ಇದು ನಿಮ್ಮ ಮರ್ಯಾದೆಯ ಪ್ರಶ್ನೆ. ಕಂಪನಿ ಖರ್ಚು ಕಡಿಮೆ ಮಾಡಲು ಜನರನ್ನು ತೆಗೆದಾಗ ‘ಐ ವಾಸ್ ಲೇಡ್ ಆಫ್’. ಇದರಲ್ಲಿ ನಿಮ್ಮ ತಪ್ಪಿನ ಸೂಚನೆ ಇಲ್ಲ. ‘ಐ ವಾಸ್ ಫೈರ್ಡ್’ ಎಂದರೆ ನಿಮ್ಮ ನಡತೆಯೋ ಕೆಲಸವೋ ಸರಿಯಿರಲಿಲ್ಲ ಎಂದು ಕೇಳುವವರು ತಿಳಿಯುತ್ತಾರೆ. ‘ಹಿ ವಾಸ್ ಲೆಟ್ ಗೋ’ ಮೆತ್ತಗಿನ ಮಾತು, ಕಾರಣ ಹೇಳುವುದಿಲ್ಲ. ಇಂಟರ್‌ವ್ಯೂನಲ್ಲಿ ನಿಜವಾಗಿ ಲೇಡ್ ಆಫ್ ಆಗಿದ್ದವರು ‘ಐ ವಾಸ್ ರಿಮೂವ್ಡ್’ ಎಂದು ಹೇಳಿ ಅನುಮಾನಕ್ಕೆ ಎಡೆಕೊಡುವುದನ್ನು ಕಂಡಿದ್ದೇನೆ. ‘ಲೇ, ಲೇಡ್, ಲೇಡ್’ ಎಂಬ ರೂಪವನ್ನೂ ಗಟ್ಟಿ ಮಾಡಿಕೊಳ್ಳಿ.

ಮೀಟಿಂಗ್ ಹಿಂದೆ ಮುಂದೆ ಆಗುವುದು ಇನ್ನೊಂದು. ‘ಪ್ರೀಪೋನ್’ ನಮ್ಮ ದೇಶದಲ್ಲಿ ಸಲೀಸಾಗಿ ನಡೆಯುತ್ತದೆ, ಹೊರದೇಶದವರಿಗೆ ಹೇಳುವಾಗ ‘ದ ಮೀಟಿಂಗ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್ ಟು ಮಂಡೇ’ ಎನ್ನಿ: ಇದ್ದ ದಿನಕ್ಕಿಂತ ಮೊದಲೇ, ಸೋಮವಾರಕ್ಕೆ. ತಡವಾದರೆ ‘ಪುಷ್ಡ್ ಬ್ಯಾಕ್’. ಕನ್ನಡದಲ್ಲಿ ‘ಮುಂದಕ್ಕೆ ಹಾಕಿದರು’ ಎಂದರೆ ತಡ; ಇಂಗ್ಲಿಷಿನಲ್ಲಿ ಅದೇ ತಡಕ್ಕೆ ‘ಬ್ಯಾಕ್’, ಅಂದರೆ ಹಿಂದಕ್ಕೆ. ದಿಕ್ಕು ತಿರುಗುಮುರುಗಾಗಿದೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ಪುಷ್ಡ್ ಬ್ಯಾಕ್’ ಎಂಬ ಸಂದೇಶ ಓದಿ ಒಂದು ಗಂಟೆ ಮೊದಲೇ ಹೋಗಿ ಕೂತಿದ್ದೆ. ದಿನ ಅಥವಾ ಸಮಯವನ್ನು ಜೊತೆಗೇ ಬರೆದರೆ ಯಾರಿಗೂ ತೊಂದರೆಯಿಲ್ಲ.

ಸರ್ಕಾರಿ ಪತ್ರ, ಕಾನೂನಿನ ಕಾಗದಗಳಿಗೆ ಒಂಟಿ ಪದವೇ ಒಪ್ಪುತ್ತದೆ: ಕಾಲ್ಡ್ ಆಫ್ ಬದಲು ಕ್ಯಾನ್ಸಲ್ಡ್, ಟರ್ನ್ಡ್ ಡೌನ್ ಬದಲು ರಿಜೆಕ್ಟೆಡ್.

ಹಂತ 8: ಕಿವಿಗೆ ಹಿಡಿಯುವುದು

ಬರೆದದ್ದು ಅರ್ಥವಾದರೂ ಮಾತಿನಲ್ಲಿ ಸಿಗುವುದಿಲ್ಲ ಎಂಬ ದೂರು ನಿಜ, ಏಕೆಂದರೆ ಪದಗಳು ಅಂಟಿಕೊಳ್ಳುತ್ತವೆ. ‘ಕಾಲ್ಡ್ ಆಫ್’ ಕೇಳಿಸುವುದು ‘ಕಾಲ್ಡಾಫ್’, ‘ಹೆಲ್ಡ್ ಅಪ್’ ಕೇಳಿಸುವುದು ‘ಹೆಲ್ಡಪ್’. ನಮ್ಮ ಸಂಧಿಯ ಹಾಗೆಯೇ. ‘ವಾಸ್’, ‘ಬೀನ್’ ಬಹಳ ಮೆಲ್ಲಗೆ ಸರಿದುಹೋಗುತ್ತವೆ. ಆಫ್, ಅಪ್, ಡೌನ್, ಔಟ್ ಮೇಲೆ ಒತ್ತು ಬೀಳುತ್ತದೆ. ಆ ಒತ್ತನ್ನು ಹಿಡಿಯಿರಿ, ಹಿಂದಿನ ಪದ ತಾನಾಗಿ ಸಿಗುತ್ತದೆ. ನೀವು ಮಾತಾಡುವಾಗಲೂ ಬಾಲಪದವನ್ನು ನುಂಗಬೇಡಿ.

ಈಗ ನೀವೇ ಮಾಡಿ

ಈ ಐದನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ, ಆಮೇಲೆ ಕೆಳಗೆ ನೋಡಿ.

1. ಬೆಂಕಿಯನ್ನು ಆರಿಸಿದರು.
2. ನನ್ನ ಸಾಲದ ಅರ್ಜಿ ತಳ್ಳಿಹಾಕಿದ್ದಾರೆ.
3. ಬಸ್ ದಾರಿಯಲ್ಲಿ ಕೆಟ್ಟು ನಿಂತಿತು.
4. ಆ ಹಳೇ ಮನೆ ಕೆಡವುತ್ತಿದ್ದಾರೆ.
5. ಅವನ ಮಾತಿಗೆ ಮೋಸ ಹೋದೆ.

ಉತ್ತರಗಳು: ಒಂದನೆಯದು ‘ದ ಫೈರ್ ವಾಸ್ ಪುಟ್ ಔಟ್’. ‘ಪುಟೆಡ್’ ಎಂದಿದ್ದರೆ ಹಂತ 3ಕ್ಕೆ ಮರಳಿ. ಎರಡನೆಯದು ‘ಮೈ ಲೋನ್ ಅಪ್ಲಿಕೇಶನ್ ಹ್ಯಾಸ್ ಬೀನ್ ಟರ್ನ್ಡ್ ಡೌನ್’. ಮೂರನೆಯದಕ್ಕೆ ಪ್ಯಾಸಿವ್ ಇಲ್ಲ, ‘ದ ಬಸ್ ಬ್ರೋಕ್ ಡೌನ್ ಆನ್ ದ ವೇ’. ‘ವಾಸ್’ ಹಾಕಿದ್ದರೆ ‘ಯಾರು ಮಾಡಿದ್ದು?’ ಎಂದು ಕೇಳುವುದನ್ನು ಮರೆತಿದ್ದೀರಿ. ನಾಲ್ಕನೆಯದು ‘ದಟ್ ಓಲ್ಡ್ ಹೌಸ್ ಈಸ್ ಬೀಯಿಂಗ್ ಪುಲ್ಡ್ ಡೌನ್’. ಐದನೆಯದು ‘ಐ ವಾಸ್ ಟೇಕನ್ ಇನ್ ಬೈ ಹಿಸ್ ವರ್ಡ್ಸ್’, ಸ್ನೇಹಿತರೊಡನೆ ‘ಐ ಗಾಟ್ ಟೇಕನ್ ಇನ್’ ಎಂದರೂ ನಡೆಯುತ್ತದೆ.